ಇಪ್ಪತ್ತೇಳು ಬಾಗಿಲುಗಳ ಒಡತಿ

ಇಂಟರ್ನೆಟ್ಟು ಕೈಕೊಡಬಹುದಿತ್ತು. ಪ್ರಮಾಣವಚನದ ಫ್ರೆಂಚ್ ಭಾಗಕ್ಕೆ ನನ್ನ ನಾಲಿಗೆ ಹೊರಳದಿರಬಹುದಿತ್ತು. ನಡುವೆ ಕುಕ್ಕರು ಕೂಗಬಹುದಿತ್ತು. ಕೆನಡಾದ ಪೌರನಾಗುವ ಆ ಬೆಳಿಗ್ಗೆ ಲ್ಯಾಪ್‌ಟಾಪಿನ ಮುಂದೆ ಕೂತು ನಾನು ಇವನ್ನೆಲ್ಲ ಜಪಿಸುತ್ತಿದ್ದರೆ, ಕ್ಯಾಮೆರಾಗೆ ಕಾಣದ ಹಾಗೆ ಎದುರು ಬದಿಯಲ್ಲಿ ಟೀಚರು ಕೂತಿದ್ದರು: ಹೂಹೂವಿನ ಫ್ರಾಕು, ಅದರ ಮೇಲೆ ಗಂಡನ ಹಳೆಯ ಸ್ವೆಟರು, ನೆತ್ತಿಗೇರಿದ ಕನ್ನಡಕ, ಬೆರಳಿಗೆಲ್ಲ ಅರಿಶಿನ.

ಇಲ್ಲಿನ ಎಟೋಬಿಕೋ ಬಡಾವಣೆಯಲ್ಲಿ ನಮ್ಮ ಬಾಡಿಗೆಯ ಬೇಸ್‌ಮೆಂಟಿನ ಮೇಲೆಯೇ ಅವರ ಮನೆ. ಹುಟ್ಟಿದ್ದು ಗೋವಾದಲ್ಲಿ, ಪಾಠ ಹೇಳಿದ್ದು ಕಾರವಾರದಲ್ಲಿ. ಅಪ್ಪ ಪೋರ್ಚುಗೀಸರ ಕಾಲದ ಗೋವಾದಲ್ಲಿ ಹುಟ್ಟಿದವರಾದ್ದರಿಂದ ಇವರಿಗೆ ಪೋರ್ಚುಗಲ್ಲಿನ ಪಾಸ್‌ಪೋರ್ಟು ಸಿಕ್ಕಿತ್ತು. ಅದರ ಬೆನ್ನಿಗೇ ಯುರೋಪ್ ಒಕ್ಕೂಟದ ಪೌರತ್ವ. ಮಗ ಐರ್ಲೆಂಡಿನಲ್ಲಿ ನೆಲೆಸಲೆಂದು ಮಾಡಿಸಿದ್ದು. ತಾವು ಮಾತ್ರ ಯುರೋಪಿಗೆ ಕಾಲಿಟ್ಟವರಲ್ಲ.

"ಇಪ್ಪತ್ತೇಳು ದೇಶದಲ್ಲಿ ಎಲ್ಲಿ ಬೇಕಾದ್ರೂ ಮನೆ ಮಾಡಬಹುದು ನಾನು. ಒಂದರಲ್ಲೂ ನನ್ನ ಮೀನುಸಾರು ಕೇಳೋರಿಲ್ಲ ಮಾರಾಯಾ!"

ಹಿಮ ಸದ್ದಿಲ್ಲದೆ ಬೀಳುವ ಮಧ್ಯಾಹ್ನಗಳಲ್ಲಿ ತಮಗೆ ಬೀಳುವ ಒಂದೇ ಕನಸನ್ನು ಮತ್ತೆ ಮತ್ತೆ ಹೇಳುವರು. ಒಂದು ಗಡಿ, ಅದರಾಚೆ ಇನ್ನೊಂದು, ಎಲ್ಲೂ ಗೇಟಿಲ್ಲ. ಯಾವುದೋ ದೇಶದ ಅಧಿಕಾರಿ ಕೊಂಕಣಿಯಲ್ಲಿ ಊಟವಾಯಿತೇ ಎಂದು ಕೇಳಿ ಒಳಗೆ ಬಿಡುತ್ತಾನೆ. ನಡೆದು ನಡೆದು ಕೊನೆಯ ಗಡಿ ದಾಟಿದರೆ ಊರಲ್ಲಿದ್ದ ತಂಗಿಯ ಅಂಗಳ, ಅಲ್ಲಿಗೆ ಎಚ್ಚರ. ಆ ತಂಗಿ ತೀರಿಕೊಂಡಾಗ, ಪೋರ್ಚುಗಲ್ಲಿನವರಾಗಿಬಿಟ್ಟಿದ್ದ ಟೀಚರ ಬಳಿ ಭಾರತದ ವೀಸಾ ಇರಲಿಲ್ಲ. ನಾಳೆ ಮಾಡಿಸಿದರಾಯಿತು ಎನ್ನುತ್ತಲೇ ಇದ್ದವರಿಗೆ ತಂಗಿಯ ಮಣ್ಣಿಗೂ ಹೋಗಲಾಗಲಿಲ್ಲ.

ಅದನ್ನು ಕೇಳಿದಂದಿನಿಂದ ನನಗೆ ನಿದ್ದೆಯಿಲ್ಲ. ಕೆನಡಾದವನಾದರೆ ಭಾರತದ ಪೌರತ್ವ ಬಿಡಬೇಕು, ಎರಡನ್ನೂ ಇಟ್ಟುಕೊಳ್ಳುವಂತಿಲ್ಲ. ಹುಟ್ಟಿದ ಮೈಸೂರಿಗೇ ನಾನು ಪರದೇಶಿ! ವರ್ಷಗಟ್ಟಲೆ ಮುಂದೂಡಿದೆ.

"ಆಮೇಲೆ ನಾನು ಯಾರು ಅಂತ, ಟೀಚರ್?"

"ಚಿಂತೆ ಮಾಡೋನು. ಅಂಥವರಿಗೆ ಎಲ್ಲಾ ದೇಶದಲ್ಲೂ ಜಾಗ ಉಂಟು. ಹೋಗು ತಮಾ, ಪ್ರಮಾಣ ಮಾಡು. ಊರಿಗೆ ಹೋಗೋ ಕಾಗದ ಮಾತ್ರ ನನ್ನ ಹಾಗೆ ನಾಳೆ ಅನ್ನಬೇಡ."

ಅನ್ನಲಿಲ್ಲ; ಪೌರನಾದ ಕೂಡಲೇ ಭಾರತದ ವೀಸಾ ಮಾಡಿಸಿಟ್ಟುಕೊಂಡೆ. ಅಣ್ಣನ ಆಪರೇಷನ್ನಿನ ಹೊತ್ತಿಗೆ ಮೈಸೂರಿನಲ್ಲಿ ಅವನ ಹಾಸಿಗೆಯ ಪಕ್ಕದಲ್ಲಿದ್ದೆ. ಕಳೆದ ಚಳಿಗಾಲದಲ್ಲಿ ಟೀಚರು ತೀರಿಕೊಂಡರು. ಮಗ ಡಬ್ಲಿನ್‌ನಿಂದ ಬಂದು ಇಲ್ಲಿಯೇ ಮಣ್ಣು ಮಾಡಿದ.

ಪ್ರಮಾಣದ ಆ ಬೆಳಿಗ್ಗೆ ನಾನು ಹೆದರಿದ್ದು ಯಾವುದೂ ಆಗಲಿಲ್ಲ. ಒಂದು ಸಣ್ಣ ಎಡವಟ್ಟಷ್ಟೇ. ಬಲಗೈ ಎತ್ತಿ ಮೊದಲ ಸಾಲು ಹೇಳಿದವನು ಎರಡನೆಯದಕ್ಕೆ ನಿಂತುಬಿಟ್ಟೆ. ತೆರೆಯ ಮೇಲಿದ್ದ ಎಲ್ಲರ ಮೈಕುಗಳೂ ಬಂದ್ ಆಗಿದ್ದವು. ಅಧಿಕಾರಿ ಗಮನಿಸುತ್ತಿದ್ದುದು ನಮ್ಮ ತುಟಿಗಳನ್ನು. ಟೀಚರು ನನ್ನ ಮುಖ ನೋಡಿದರು, ತಾವೂ ಕೈ ಎತ್ತಿದರು, ಅಧಿಕಾರಿ ಹೇಳಿಕೊಟ್ಟ ಉಳಿದ ಸಾಲುಗಳನ್ನೆಲ್ಲ ತರಗತಿಯ ಗಟ್ಟಿ ದನಿಯಲ್ಲಿ ಹೇಳಿ ಮುಗಿಸಿದರು. ನಾನು ಬರೀ ತುಟಿ ಆಡಿಸಿದೆ.