ತಮ್ಮ ತಂದ ಟರ್ಬೊ ಗಾಡಿ

ಬೇರೆಯವರು ಗಲ್ಫಿನಿಂದ ಟೇಪ್ ರೆಕಾರ್ಡರು, ಕಂಬಳಿ, ಅತ್ತರಿನ ಬಾಟಲಿ ತರುತ್ತಿದ್ದ ಕಾಲ. ನನ್ನ ತಮ್ಮ ಒಂದು ಕಾರನ್ನೇ ಹಡಗಿಗೆ ಹಾಕಿಸಿ ತಂದ. ಎಂಬತ್ತರ ದಶಕ ಅರ್ಧ ಕಳೆದಿತ್ತು. ಅಲ್ಲಿ ದುಡಿದು ಉಳಿಸಿದ್ದೆಲ್ಲ ಅವನು ಅದಕ್ಕೇ ಸುರಿದಿದ್ದ. ಇಂಥ ಗಾಡಿ ನಮ್ಮ ದೇಶದಲ್ಲಿ ಸಿಗುವುದಿಲ್ಲ, ಯಾರಾದರೂ ಸಾಹುಕಾರರು ಒಳ್ಳೆ ಕ್ರಯಕ್ಕೆ ತೆಗೆದುಕೊಳ್ಳುತ್ತಾರೆ, ಆ ಹಣದಲ್ಲಿ ಪುತ್ತೂರಿನಲ್ಲಿ ಒಂದು ಟಯರಿನ ಅಂಗಡಿ ಹಾಕಿ ಕೂರುವುದು ಎಂಬುದು ಅವನ ಯೋಚನೆ. ಇನ್ನು ವಾಪಸ್ ಹೋಗುವುದಿಲ್ಲ ಎಂದು ಹೆಂಡತಿಗೆ ಮಾತು ಕೊಟ್ಟೇ ಬಂದಿದ್ದ. ಅವನ ಮಗಳು ಅಪ್ಪ ಅಂದರೆ ಗೋಡೆಯ ಮೇಲಿನ ಫೋಟೊ ಎಂದು ತಿಳಿದಿದ್ದಳು. ಇವನು ಬಂದು ಎರಡು ವಾರ ಅವಳು ಹತ್ತಿರ ಸುಳಿಯಲಿಲ್ಲ.

ಕಾರನ್ನು ನರಿಮೊಗರಿನ ನಮ್ಮ ಮನೆ ಅಂಗಳದಲ್ಲಿ ನಿಲ್ಲಿಸಿದ್ದ. ಅವನ ಮನೆಗೆ ಗಾಡಿ ಹೋಗುವ ದಾರಿ ಇರಲಿಲ್ಲ. ಕೆಂಪು ಬಣ್ಣ, ಎರಡೇ ಬಾಗಿಲು, ಸ್ಟಿಯರಿಂಗ್ ಎಡಕ್ಕೆ. ಕೂತರೆ ಅಂಡು ನೆಲಕ್ಕೆ ತಾಗುತ್ತದೋ ಎಂಬಷ್ಟು ತಗ್ಗು. ಮೊದಲ ದಿನ ನನಗೆ ಅದರಲ್ಲಿ ದೊಡ್ಡ ಸಂಗತಿಯೇನೂ ಕಾಣಲಿಲ್ಲ.

"ಇದರಲ್ಲಿ ಟರ್ಬೊ ಉಂಟು ಅಕ್ಕಾ" ಎಂದ ತಮ್ಮ.

"ಹಾಗಂದರೆ ಎಂತದು?"

ಅವನು ಬಾನೆಟ್ ಎತ್ತಿ ತೋರಿಸಿದ. ಇಂಜಿನ್ನು ಬಿಡುವ ಹೊಗೆ ಸುಮ್ಮನೆ ಹೊರಗೆ ಹೋಗುವುದಿಲ್ಲವಂತೆ. ಹೋಗುವ ದಾರಿಯಲ್ಲಿ ಒಂದು ಚಕ್ರ ತಿರುಗಿಸುತ್ತದೆ. ಆ ಚಕ್ರದ ಸರಳಿನ ಇನ್ನೊಂದು ತುದಿಯಲ್ಲಿ ಇನ್ನೊಂದು ಚಕ್ರ. ಅದು ಹೊರಗಿನ ಗಾಳಿಯನ್ನು ಹಿಡಿದು ಇಂಜಿನ್ನಿನ ಬಾಯಿಗೆ ಒತ್ತುತ್ತದೆ. ಗಾಳಿ ಹೆಚ್ಚಾದಷ್ಟು ಪೆಟ್ರೋಲು ಜೋರಾಗಿ ಉರಿಯುತ್ತದೆ, ಹೊಗೆ ಹೆಚ್ಚುತ್ತದೆ, ಚಕ್ರ ಇನ್ನೂ ಜೋರಾಗಿ ತಿರುಗುತ್ತದೆ.

ಊದುಗೊಳವೆಯಲ್ಲಿ ಊದಿ ಊದಿ ಒಲೆ ಹೊತ್ತಿಸಿದವಳಿಗೆ ಇದು ತಿಳಿಯದ ವಿಷಯವೇನಲ್ಲ. ಆದರೆ ಬೆಂಕಿ ತನಗೆ ತಾನೇ ಊದಿಕೊಳ್ಳುವುದನ್ನು ನಾನು ಕೇಳಿರಲಿಲ್ಲ. ಆ ರಾತ್ರಿ ಅಡುಗೆ ಮಾಡುವಾಗ ಒಲೆಯ ಹೊಗೆಯನ್ನು ನೋಡುತ್ತಾ ನಿಂತೆ, ಸಾರು ಉಕ್ಕಿ ಹೋಯಿತು. ಇಷ್ಟು ವರ್ಷ ಕಣ್ಣು ಉರಿಸಿಕೊಂಡದ್ದು ಬಿಟ್ಟರೆ ಈ ಹೊಗೆಯಿಂದ ಒಂದು ಕೆಲಸ ಮಾಡಿಸಲಿಲ್ಲವಲ್ಲ ನಾವು ಅನಿಸಿತು.

ಆ ಗಾಡಿಯನ್ನು ಸಾಕುವುದು ಮಾತ್ರ ಸುಲಭವಿರಲಿಲ್ಲ. ಪೆಟ್ರೋಲನ್ನು ಎಮ್ಮೆ ನೀರು ಕುಡಿದ ಹಾಗೆ ಕುಡಿಯುತ್ತಿತ್ತು. ಇಲ್ಲಿನ ಆಯಿಲು ಆಗದು ಎಂದು ತಮ್ಮ ಬರುವಾಗಲೇ ಡಬ್ಬಿಗಟ್ಟಲೆ ತಂದಿದ್ದ. ಅದರ ಅಳತೆಯ ಟಯರು ಮಂಗಳೂರಿನಲ್ಲೂ ಇಲ್ಲ. ಎಲ್ಲಕ್ಕಿಂತ ವಿಚಿತ್ರವೆಂದರೆ, ಮನೆ ಮುಟ್ಟಿದ ಮೇಲೂ ತಮ್ಮ ಕೂಡಲೇ ಇಂಜಿನ್ ಬಂದ್ ಮಾಡುತ್ತಿರಲಿಲ್ಲ. ಸ್ವಲ್ಪ ಹೊತ್ತು ಹಾಗೇ ಓಡಲು ಬಿಟ್ಟು ಪಕ್ಕದಲ್ಲಿ ಕೂರುತ್ತಿದ್ದ. ಚಕ್ರ ಕೆಂಡದ ಹಾಗೆ ಕಾದಿರುತ್ತದೆ, ಆಯಿಲು ಹರಿದು ಅದನ್ನು ತಣಿಸಬೇಕು ಎನ್ನುತ್ತಿದ್ದ.

ನನ್ನ ಗಂಡನಿಗೆ ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತಿತ್ತು. ಇವರು ಪುತ್ತೂರು ಬಸ್‌ಸ್ಟ್ಯಾಂಡಿನ ಹತ್ತಿರ ಅಂಬಾಸಿಡರ್ ಬಾಡಿಗೆಗೆ ಓಡಿಸುತ್ತಿದ್ದವರು. ಇಳಿಜಾರು ಬಂದಲ್ಲೆಲ್ಲ ಕೀ ತಿರುಗಿಸಿ ಇಂಜಿನ್ ಬಂದ್ ಮಾಡಿ, ಗೇರು ತೆಗೆದು, ಗಾಡಿಯನ್ನು ಹಾಗೇ ಉರುಳಲು ಬಿಡುವುದು ಇವರ ಪದ್ಧತಿ. ಇವರೊಬ್ಬರದೇ ಅಲ್ಲ, ನಮ್ಮ ಕಡೆಯ ಡ್ರೈವರುಗಳೆಲ್ಲ ಮಾಡುತ್ತಿದ್ದದ್ದು ಅದನ್ನೇ. ಏರು ಇಳಿತದ ಊರು, ಅರ್ಧ ದಾರಿ ಧರ್ಮಕ್ಕೆ ಸಿಗುತ್ತಿತ್ತು.

"ಎಂತ ಬಾವ, ಅದಕ್ಕೆ ಜೋಗುಳ ಹಾಡ್ಲಿಕ್ಕೆ ಉಂಟಾ?" ಎಂದು ಇವರು ಜಗಲಿಯಿಂದ ಕೂಗುತ್ತಿದ್ದರು. "ನಿಂತ ಗಾಡಿಗೆ ಪೆಟ್ರೋಲು ಕುಡಿಸುದು ನಾನು ಎಲ್ಲಿಯೂ ನೋಡ್ಲಿಲ್ಲ ಮಾರಾಯ."

"ನಿಮ್ಮ ಅಂಬಾಸಿಡರ್ ಎತ್ತು ಬಾವ. ಇದು ಕುದುರೆ."

"ಕುದುರೆ ಆದ್ರೆ ಹುಲ್ಲು ತಿನ್ನಲಿ."

ನೆಲ್ಯಾಡಿಯಿಂದ ಒಬ್ಬರು ಗಿರಾಕಿ ಬಂದರು. ಕೇರಳದಿಂದ ಬಂದು ಅಲ್ಲಿ ರಬ್ಬರು ತೋಟ ಮಾಡಿದವರು, ಗಟ್ಟಿ ಕುಳ. ಕೆಲಸದ ಮೇಲೆ ಆಗಾಗ ಬೆಂಗಳೂರಿಗೆ ಹೋಗುತ್ತಿದ್ದರು. ಶಿರಾಡಿ ಘಾಟಿಯಲ್ಲಿ ಲಾರಿಗಳ ಹಿಂದೆ ಸಿಕ್ಕಿ ಹೊಗೆ ಕುಡಿದು ಅವರಿಗೆ ಸಾಕಾಗಿತ್ತು. "ಒಮ್ಮೆ ಆದ್ರೂ ಆ ಲಾರಿಯವರನ್ನು ಹಿಂದೆ ಹಾಕ್ಬೇಕು ಚೇಚಿ, ಬೇರೆ ಆಸೆ ಇಲ್ಲ" ಎಂದು ನನಗೆ ಹೇಳಿದರು. ಚೇಚಿ ಅಂದರೆ ಅವರ ಮಾತಲ್ಲಿ ಅಕ್ಕ. ಘಾಟಿ ಹತ್ತಿಸಿ ತೋರಿಸಿದರೆ ಅಲ್ಲೇ ಮುಂಗಡ ಕೊಡುವುದೆಂದು ಮಾತಾಯಿತು.

ಒಂದು ಭಾನುವಾರ ಹೊರಟೆವು. ಗಾಡಿ ಓಡಿಸುವುದು ತಮ್ಮ, ಸಾಹುಕಾರರು ಅವನ ಪಕ್ಕ, ಹಿಂದಿನ ಇಕ್ಕಟ್ಟಿನಲ್ಲಿ ನಾನು ಮತ್ತು ಇವರು. ನನ್ನನ್ನು ಯಾರೂ ಕರೆದಿರಲಿಲ್ಲ. ನಾನೇ ಹತ್ತಿ ಕೂತೆ.

ಗುಂಡ್ಯ ದಾಟಿ ಏರು ಸುರುವಾಯಿತು. ಮುಂದೆ ಸಾಲಾಗಿ ಲಾರಿಗಳು, ಮುಲುಕುತ್ತಾ ತೆವಳುತ್ತಿದ್ದವು. ತಮ್ಮ ಗೇರು ಇಳಿಸಿ ಕಾಲು ಒತ್ತಿದ. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಒಳಗೆಲ್ಲೋ ಸಣ್ಣಗೆ ಒಂದು ಸಿಳ್ಳೆ ಎದ್ದಿತು. ಅದು ಏರುತ್ತಾ ಏರುತ್ತಾ ಹೋದ ಹಾಗೆ ಯಾರೋ ನನ್ನ ಎದೆಗೆ ಕೈಯಿಟ್ಟು ಸೀಟಿಗೆ ಒತ್ತಿ ಹಿಡಿದಂತಾಯಿತು. ಲಾರಿಗಳು ಹಿಂದಕ್ಕೆ ಹೋದವು. ದಾಟಿದೆವು ಅನ್ನಲೂ ನನಗೆ ಬರುವುದಿಲ್ಲ, ಅವೇ ಹಿಂದೆ ಜಾರಿಬಿದ್ದ ಹಾಗೆ ಇತ್ತು. ಏರು ಎಂಬುದೇ ರಸ್ತೆಯಿಂದ ಮಾಯ. ನಾನು ದೇವರ ಹೆಸರು ಹೇಳಲಿಲ್ಲ, ಹೆದರಲೂ ಇಲ್ಲ. ಬಾಯಿ ಬಿಟ್ಟು ಕೂತಿದ್ದೆ ಅಷ್ಟೇ. ನಾಲ್ಕು ಹೆತ್ತವಳು ನಾನು, ಶಕ್ತಿ ಅಂದರೇನು ಎಂದು ಗೊತ್ತಿಲ್ಲದವಳಲ್ಲ. ಆದರೆ ಹಾಗೊಂದು ಶಕ್ತಿ ಅಷ್ಟು ಸಣ್ಣ ಸ್ವರದಲ್ಲಿ ಬರುವುದನ್ನು ಅದುವರೆಗೆ ಕಂಡಿರಲಿಲ್ಲ.

"ಎಂಡಮ್ಮೋ!" ಎಂದು ಮಲಯಾಳದಲ್ಲಿ ಅಮ್ಮನನ್ನು ಕರೆದರು ಸಾಹುಕಾರರು.

ಘಾಟಿಯ ತುದಿ ಮುಟ್ಟಿ ಗಾಡಿ ತಿರುಗಿಸಿ ನಿಲ್ಲಿಸಿದ ತಮ್ಮ ಸೀಟು ಬಿಟ್ಟು ಇಳಿದ. ಗಲ್ಫಿನ ಚಪ್ಪಟೆ ರಸ್ತೆಯಲ್ಲಿ ಕಲಿತವನಿಗೆ ಘಾಟಿ ಇಳಿಯಲು ಧೈರ್ಯ ಸಾಲದು. "ಇಳಿಯುದು ನನಗೆ ಬಿಡು" ಎಂದು ಇವರು ಸ್ಟಿಯರಿಂಗ್ ಹಿಡಿದರು. ತಮ್ಮ ಹಿಂದೆ ಬಂದು ಕೂತ.

ಎರಡು ತಿರುವು ಸರಿಯಾಗಿ ಹೋಯಿತು. ಮೂರನೆಯದರ ಮುಂಚೆ ಇವರ ಕೈ ತನ್ನಷ್ಟಕ್ಕೆ ಕೀ ಹತ್ತಿರ ಹೋಯಿತು. ಇಂಜಿನ್ ಸ್ವರ ನಿಂತಿತು. ಗಾಳಿಯ ಶಬ್ದ ಮಾತ್ರ ಉಳಿಯಿತು.

"ಬಾವಾ! ಬಂದ್ ಮಾಡಿದ್ರಾ?"

"ಇಳಿತ ಅಲ್ವಾ ಮಾರಾಯ..." ಎನ್ನುತ್ತಾ ಇವರು ಬ್ರೇಕಿಗೆ ಕಾಲಿಟ್ಟರು. ಬ್ರೇಕು ಕಲ್ಲಾಗಿತ್ತು. ಸ್ಟಿಯರಿಂಗ್ ಮರದ ಹಾಗೆ ಬಿಗಿದಿತ್ತು. ಅಂಬಾಸಿಡರಿನಲ್ಲಿ ಎರಡನ್ನೂ ನಡೆಸುವುದು ಡ್ರೈವರಿನ ಮೈಬಲ. ಈ ಗಾಡಿಯಲ್ಲಿ ಎರಡಕ್ಕೂ ಇಂಜಿನ್ನಿನದೇ ಬಲವಂತೆ. ಇವರು ಸೀಟಿನಿಂದ ಅರ್ಧ ಎದ್ದು ಬ್ರೇಕು ತುಳಿದರು. ತಮ್ಮ "ಕೀ ತಿರ್ಗಿಸಿ, ಕೀ ತಿರ್ಗಿಸಿ" ಎಂದು ಕಿರುಚುತ್ತಿದ್ದ. ಸಾಹುಕಾರರು ಮಲಯಾಳದಲ್ಲಿ ಪ್ರಾರ್ಥನೆ ಸುರು ಮಾಡಿದರು. ತಿರುವಿನ ಕಟ್ಟೆ ನನ್ನ ಕಿಟಿಕಿಗೆ ಇಷ್ಟು ಹತ್ತಿರ ಬಂದು ಹೋಯಿತು. ಆಮೇಲೆ ಇವರು ಕೀ ತಿರುಗಿಸಿದರು, ಇಂಜಿನ್ ಮತ್ತೆ ಸ್ಟಾರ್ಟ್ ಆಯಿತು.

ನೆಲ್ಯಾಡಿ ಹತ್ತಿರ ಬರುವಾಗ ನಾನು ಹಿಂದಿನ ಗಾಜಿನಲ್ಲಿ ನೋಡಿದೆ. ನಮ್ಮ ಬೆನ್ನ ಹಿಂದೆ ನೀಲಿ ಹೊಗೆ ಉದ್ದಕ್ಕೂ ಬಿದ್ದಿತ್ತು. ತಮ್ಮನೂ ನೋಡಿದ. ಆಯಿಲು ಉರಿದರೆ ಬರುವ ಹೊಗೆ ಅದು ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಸಾಹುಕಾರರು ಮನೆಯ ಮುಂದೆ ಇಳಿದು ನೀರು ಕುಡಿದು ಸುಧಾರಿಸಿಕೊಂಡರು. ಇವರ ಕಡೆ ತಿರುಗಿ "ನಿಮ್ಮನ್ನು ಇನ್ನು ಸೈಕಲಿಗೂ ಹತ್ತಿಸ್ಬಾರ್ದು" ಎಂದರು. ಆದರೆ ಕಣ್ಣು ಕಾರಿನ ಮೇಲೆಯೇ ಇತ್ತು. ಘಾಟಿ ಹತ್ತಿದ್ದನ್ನು ಅವರು ಮರೆಯುವ ಹಾಗಿರಲಿಲ್ಲ. ಕೊನೆಗೆ ನನ್ನನ್ನು ಕೇಳಿದರು. "ಚೇಚೀ, ಗಾಡಿ ನಿಮ್ಮ ಅಂಗಳದಲ್ಲೇ ಇರುದಲ್ಲ. ನೀವು ಹೇಳಿ. ತೆಗೀಬಹುದಾ?"

ತಮ್ಮ ನನ್ನನ್ನು ನೋಡಿದ. ಅವನ ಟಯರಿನ ಅಂಗಡಿ, ಹೆಂಡತಿಗೆ ಕೊಟ್ಟ ಮಾತು, ಈಗಷ್ಟೇ ತೊಡೆ ಹತ್ತಲು ಕಲಿತ ಮಗಳು, ಎಲ್ಲವೂ ಆ ನೋಟದಲ್ಲಿತ್ತು. ನನಗೆ ಕಾಣಲಿಲ್ಲವೆಂದಲ್ಲ.

"ಹಿಂದೆ ಹೋಗಿ ನೋಡಿ" ಎಂದೆ. "ನೀಲಿ ಹೊಗೆ ಬರ್ತಾ ಉಂಟು. ಬೆಳಿಗ್ಗೆ ಇರ್ಲಿಲ್ಲ."

ಇಂದು ಕೇಳಿದರೂ ನಾನು ಅದನ್ನೇ ಹೇಳುತ್ತೇನೆ. ಕೆಟ್ಟ ಹಸುವನ್ನು ಒಳ್ಳೆಯದೆಂದು ಮಾರಿದವರು ನಮ್ಮ ಮನೆಯಲ್ಲಿ ಇಲ್ಲ.

"ಸರಿ ಮಾಡಿಸಿ ತನ್ನಿ. ಆಗ ನಾನೇ ತೆಗೀತೇನೆ" ಎಂದರು ಸಾಹುಕಾರರು.

ಪುತ್ತೂರಿನ ಮೆಕ್ಯಾನಿಕ್ಕು ಬಿಚ್ಚಿದ. ಇಂಥದ್ದು ಅವನೂ ಕಂಡಿರಲಿಲ್ಲ, ಎರಡು ಸಲ ತಪ್ಪು ಕಡೆ ಬಿಚ್ಚಿದ. ಒಳಗೆ ಆಯಿಲು ಹರಿಯದೆ ಚಕ್ರದ ಬಿಸಿಗೆ ಕರಟಿ ಡಾಂಬರಿನ ಹಾಗೆ ಅಂಟಿಕೊಂಡಿತ್ತು. ಅದು ಒಂದು ದಿನದ ಕೆಲಸ ಅಲ್ಲ. ನನ್ನ ತಮ್ಮ ಇಲ್ಲದಾಗ ಇವರು ಆಗಾಗ ಗಾಡಿಯನ್ನು ಪುತ್ತೂರಿಗೆ ಒಯ್ದು, ಹೋಗುತ್ತ ಬರುತ್ತ ಸಣ್ಣ ಇಳಿತಗಳಲ್ಲಿ ಇಂಜಿನ್ ಬಂದ್ ಮಾಡಿ ಉರುಳಿಸಿದ್ದರಂತೆ, ಅಲ್ಲಿ ಬ್ರೇಕು ತುಳಿಯಬೇಕಾಗಿ ಬಂದಿರಲಿಲ್ಲ. ಹೇಳುವಾಗ ತಲೆ ಎತ್ತಲಿಲ್ಲ. "ಪೆಟ್ರೋಲು ಉಳೀಲಿ ಅಂತ ಬಾವ" ಎಂದರು. ತಮ್ಮ ಚಕ್ರವನ್ನು ಒಂದು ಚಿಂದಿಯಲ್ಲಿ ಒರೆಸಿ ನನಗೆ ಕೊಟ್ಟ.

ಆ ಚಕ್ರವನ್ನು ನಾನು ಕೈಯಲ್ಲಿ ಹಿಡಿದು ನೋಡಿದೆ. ಅಂಗೈಯಲ್ಲಿ ಕೂರುವಷ್ಟು ಸಣ್ಣದು, ಹೂವಿನ ಎಸಳಿನ ಹಾಗೆ ಬಗ್ಗಿದ ಅಲಗುಗಳು. ಒಂದು ಗುಡ್ಡವನ್ನೇ ಹಿಂದೆ ತಳ್ಳಿದ್ದು ಇದು. ಬೆರಳಲ್ಲಿ ತಿರುಗಿಸಿದೆ. ಗರಗರ ಎಂದು ಸಿಕ್ಕಿಕೊಂಡಿತು.

ಅದು ಇಲ್ಲಿ ಸಿಗುವುದಿಲ್ಲ. ಮಂಗಳೂರು, ಬೊಂಬಾಯಿ ಎಲ್ಲ ಕೇಳಿಸಿ ಆಯಿತು. ಗಲ್ಫಿನಲ್ಲಿ ಅಂಗಡಿಗೆ ಹೋದರೆ ಸಿಗುತ್ತದೆ, ಆದರೆ ಕೊಳ್ಳಲು ಕೈಯಲ್ಲಿ ಹಣ ಇಲ್ಲ. ಹಳೆಯ ಕಂಪೆನಿಯವರು ಕರೆಯುತ್ತಲೇ ಇದ್ದರು. ತಮ್ಮ ಮತ್ತೆ ಹೊರಟ.

"ಸಾಮಾನು ತರ್ಲಿಕ್ಕೆ ಅಲ್ವಾ, ಬೇಗ ಬರ್ತೇನೆ" ಎಂದು ಹೆಂಡತಿಗೆ ಹೇಳಿದ. ಅವಳು ಸೆರಗಿನಲ್ಲಿ ಮೂಗು ಒರೆಸಿಕೊಂಡು "ಕಾರು ಮಾರಿ ಇಲ್ಲಿ ಕೂರುದು ಅಂತ ಹೇಳಿದ್ರಿ. ಈಗ ಕಾರು ಕೂತಿತು, ನೀವು ಹೋಗುದು" ಎಂದಳು.

ಚಕ್ರ ಮಳೆಗಾಲ ಮುಗಿಯುವುದರೊಳಗೆ ಬಂತು, ಊರಿಗೆ ಬರುವವರೊಬ್ಬರ ಪೆಟ್ಟಿಗೆಯಲ್ಲಿ. ತಮ್ಮ ಬರಲಿಲ್ಲ. ಕೆಲಸಕ್ಕೆ ಸಹಿ ಹಾಕಿದವನನ್ನು ಅವರು ಅಷ್ಟು ಬೇಗ ಬಿಡುವುದಿಲ್ಲ. ಗಾಡಿ ಸರಿಯಾಯಿತು, ಸಾಹುಕಾರರು ಕೊಟ್ಟ ಮಾತಿನಂತೆ ತೆಗೆದುಕೊಂಡರು. ಟಯರಿನ ಅಂಗಡಿ ಆಯಿತು, ಅವನು ಬಂದ ಮೇಲೆ. ಅಷ್ಟರಲ್ಲಿ ಮಗಳು ಮೂರನೇ ಕ್ಲಾಸಿನಲ್ಲಿದ್ದಳು.

ಒಮ್ಮೆ ಒಂದು ಮದುವೆಗೆಂದು ನೆಲ್ಯಾಡಿಯ ಕಡೆ ಹೋಗಿ ಬಸ್ಸಿಗೆ ಕಾಯುತ್ತಿದ್ದೆ. ಆ ಕೆಂಪು ಗಾಡಿ ಘಾಟಿಯ ಕಡೆ ಹೋಯಿತು, ಒಂದು ಲಾರಿಯನ್ನು ಹಿಂದೆ ಹಾಕಿ, ಅದೇ ಸಿಳ್ಳೆ ಹೊಡೆಯುತ್ತಾ. ನಮ್ಮ ಮನೆಯ ಒಂದು ಸಂಸಾರದಿಂದ ಇಷ್ಟು ವರ್ಷ ಕಿತ್ತುಕೊಂಡ ಗಾಡಿ ಅದು, ಮುಖ ತಿರುಗಿಸಿಕೊಳ್ಳಬೇಕಿತ್ತು. ನಾನು ರಸ್ತೆಯ ಅಂಚಿಗೆ ಬಂದು, ಸ್ವರ ಕೇಳುವಷ್ಟು ಹೊತ್ತು ನೋಡುತ್ತಾ ನಿಂತೆ. ಬಸ್ಸು ತಪ್ಪಿತು.