ದಾದಿಯ ಕೆನ್ನೆಯ ನೆರಳು

ಮೇಕಪ್ ಪೆಟ್ಟಿಗೆ ಒರೆಸುತ್ತಿದ್ದಾಗ ಆ ಹಳೆಯ ಬ್ರಾಂಜರ್ ಡಬ್ಬಿ ಮತ್ತೆ ಕೈಗೆ ಸಿಕ್ಕಿತು. ಪುಡಿಯೆಲ್ಲ ಸವೆದು ನಡುವೆ ತಗಡು ಕಾಣುತ್ತಿದೆ. ಅಂಚಿನಲ್ಲಿ ಉಗುರಿನಷ್ಟು ಕಂದು ಉಳಿದಿದೆ. ಅವಧಿ ಮುಗಿದು ವರ್ಷಗಳಾದವು. ಯಾರ ಮುಖಕ್ಕೂ ಹಚ್ಚುವಂತಿಲ್ಲ, ಬಿಸಾಡಲು ಮನಸ್ಸಿಲ್ಲ. ಮುಚ್ಚಳ ತೆಗೆದರೆ ಬರುವುದು ಬರೀ ಪೌಡರ್ ವಾಸನೆ. ನನಗೆ ಮಾತ್ರ ಅದರಲ್ಲಿ ಏಲಕ್ಕಿಯ ಘಮವೂ ಬರುತ್ತದೆ.

ಇದೇನು ಬ್ರಾಂಜರ್ ಎಂದು ಕೇಳುತ್ತೀರೇನೋ. ಕೆನ್ನೆಯ ಮೂಳೆಯ ಕೆಳಗೆ ಈ ಕಂದು ಪುಡಿಯಿಂದ ಸುಳ್ಳು ನೆರಳು ಬಿಡಿಸಿ, ದುಂಡು ಮುಖವನ್ನು ತಿದ್ದುವುದಕ್ಕೆ ನಾವು ಕಾಂಟೂರಿಂಗ್ ಎನ್ನುತ್ತೇವೆ. ಪುಡಿ ಮಿನುಗಿದರೆ ಕೆಲಸ ಕೆಟ್ಟಿತು. ನೆರಳು ಎಲ್ಲಾದರೂ ಮಿನುಗುತ್ತದೆಯೇ? ಹಾಗಾಗಿ ಹೊಳಪಿಲ್ಲದ ಮ್ಯಾಟ್ ಪುಡಿಯೇ ಬೇಕು. ಬಿಳಿ ಮೈಬಣ್ಣದವರಿಗಂತೂ ಅದರಲ್ಲಿ ಕೊಂಚ ಕೆಂಪು ಹೆಚ್ಚಾದರೂ ಇಟ್ಟಿಗೆ ಪುಡಿ ಬಳಿದಂತೆ ಕಾಣುತ್ತದೆ.

ನನ್ನ ಮೊದಲ ಮದುಮಗಳು ಶಿವಾಜಿನಗರದ ನಸ್ರೀನ್, ಕಾಲೇಜಿನ ಗೆಳತಿ. ಹಾಲಿನಂಥ ಬಣ್ಣ. ನಾನೋ ಗರುಡಾಚಾರ್‌ಪಾಳ್ಯದ ರಾಗಿ ಹೊಲದವರ ಮಗಳು, ಬಣ್ಣವೂ ರಾಗಿಯದೇ. ಆವರೆಗೆ ನಾನು ವಿದ್ಯೆ ಕಲಿತದ್ದೆಲ್ಲ ನನ್ನ ಮುಖದ ಮೇಲೆಯೇ. "ನನ್ ಮುಖ ಇವಳೇ ಮುಟ್ಬೇಕು" ಎಂದು ನಸ್ರೀನ್ ಹಟ ಹಿಡಿದಳು. ಅವಳ ತಾಯಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮೊದ್ಲು ಒಳ್ಳೆ ಬಣ್ಣ ತಂದು ತೋರ್ಸು. ಇಲ್ಲಾಂದ್ರೆ ಪಾರ್ಲರ್‌ನವ್ರನ್ನ ಕರೀತೀನಿ" ಎಂದರು.

ಅಷ್ಟರಲ್ಲಿ ನಸ್ರೀನಳಿಗೆ ಅರಿಶಿನ ಹಚ್ಚಿಯಾಗಿತ್ತು. ಅರಿಶಿನ ಹಚ್ಚಿದ ಮೇಲೆ ಅವರಲ್ಲಿ ಮದುಮಗಳು ಹೊಸ್ತಿಲು ದಾಟುವಂತಿಲ್ಲ. ದಾಟಿದರೂ ಆ ಹಳದಿ ಮುಖದ ಮೇಲೆ ಯಾವ ಬಣ್ಣ ತಾನೇ ನೋಡಲಿ? ನಾನು ತಲೆ ಮೇಲೆ ಕೈ ಹೊತ್ತು ಕೂತೆ.

ಮೂಲೆಯಲ್ಲಿ ಏಲಕ್ಕಿ ಚೀಪುತ್ತಿದ್ದ ನಸ್ರೀನಳ ಅಜ್ಜಿ, ನಾವೆಲ್ಲ ದಾದಿ ಎನ್ನುತ್ತಿದ್ದವರು, ಬುರ್ಖಾ ಎತ್ತಿಕೊಂಡರು. "ನಡಿ ಬೇಟಿ, ನಾನ್ ಬರ್ತೀನಿ. ಆ ಬಣ್ಣ ಅವಳಿಗೆ ಎಲ್ಲಿಂದ ಬಂತು ಅಂದ್ಕೊಂಡಿದೀಯ?"

ಮೇಕಪ್ ಸಾಮಾನಿನ ಅಂಗಡಿಯ ಸ್ಟೂಲಿನ ಮೇಲೆ ದಾದಿ ಮಹಾರಾಣಿಯಂತೆ ಕೂತರು. ಮೊದಲನೆಯ ಪುಡಿ ಮಿನುಗಿತು. "ಎಣ್ಣೆ ಮೆತ್ಕೊಂಡಂಗಿದೆ" ಎಂದರು ಕನ್ನಡಿ ನೋಡಿ. ಎರಡನೆಯದು ಕೆಂಪಾಯಿತು. "ಯಾರೋ ಕೆನ್ನೆಗೆ ಹೊಡ್ದಂಗಿದೆ!" ಅಂಗಡಿಯ ಹುಡುಗಿಯರೆಲ್ಲ ನಕ್ಕರು. ನನಗೆ ಅಳು ಬರುವಂತಿತ್ತು. ದಾದಿ ನನ್ನ ಗಲ್ಲ ಹಿಡಿದು, "ಹಲ್ಲು ಹೋದ್ಮೇಲೆ ಅಲ್ಲಾನೇ ನನ್ ಕೆನ್ನೆ ಒಳಗ್ ಹಾಕ್ಬಿಟ್ಟಿದಾನೆ, ನೀನಿನ್ನೇನು ಹಾಕ್ತೀಯ?" ಎಂದರು.

ಆಗ ನೋಡಿದೆ. ಆ ಬಿಳಿ ಕೆನ್ನೆಯ ಗುಳಿಯಲ್ಲಿ ನಿಜವಾದ ನೆರಳಿತ್ತು. ಕೆಂಪಿಲ್ಲದ, ಸ್ವಲ್ಪ ಬೂದಿ ಬೆರೆತ ತೆಳು ಕಂದು. ನಾನು ಹುಡುಕುತ್ತಿದ್ದ ಬಣ್ಣವನ್ನು ದಾದಿ ಮುಖದಲ್ಲೇ ಇಟ್ಟುಕೊಂಡು ಕೂತಿದ್ದರು! ಬಾಗಿಲ ಬೆಳಕಿಗೆ ಕರೆತಂದು, ಮ್ಯಾಟ್ ಪುಡಿಗಳನ್ನು ಒಂದೊಂದಾಗಿ ಆ ಗುಳಿಯ ಅಂಚಿಗೆ ಹಚ್ಚುತ್ತ ಹೋದೆ. ಒಂದು ಪುಡಿ, ಈ ಡಬ್ಬಿಯದೇ, ನೆರಳಿನೊಳಗೆ ಸೇರಿಹೋಯಿತು. ಎಲ್ಲಿ ಗುಳಿ ಮುಗಿಯಿತು, ಎಲ್ಲಿ ಪುಡಿ ಶುರುವಾಯಿತು ಎಂದು ತಿಳಿಯಲಿಲ್ಲ. "ಇದೇ!" ಎಂದು ನಾನು ಕೂಗಿದ್ದಕ್ಕೆ ಹೊರಗಿನ ಆಟೋದವನೂ ತಿರುಗಿ ನೋಡಿದ.

ಒರೆಸಲು ಹತ್ತಿ ತೆಗೆದರೆ ದಾದಿ ಕೈ ತಡೆದರು. "ಇರ್ಲಿ ಬಿಡು. ಮನೆವರ್ಗೂ ಇರ್ಲಿ." ಒಂದೇ ಕೆನ್ನೆಗೆ ಮೇಕಪ್ ಹಾಕಿಕೊಂಡು, ಶಿವಾಜಿನಗರದ ಆ ಜನಜಂಗುಳಿಯಲ್ಲಿ ಪರಿಚಯದವರಿಗೆಲ್ಲ ಸಲಾಂ ಹೇಳುತ್ತ ನಡೆದರು.

ನಿಕಾಹ್ ಮುಗಿದು ವಧೂವರರನ್ನು ಒಂದೇ ದುಪಟ್ಟಾದಡಿ ಕೂರಿಸಿ, ಕನ್ನಡಿಯಲ್ಲಿ ಮುಖ ತೋರಿಸುವ ಹೊತ್ತು ಬಂತು. ಕನ್ನಡಿಯೊಳಗೆ ನಸ್ರೀನ್ ನಸ್ರೀನಾಗಿಯೇ ಇದ್ದಳು, ಚೆಲುವೆಯಾಗಿ. ಮದುಮಗ ಕಣ್ಣು ತೆಗೆಯಲು ಮರೆತ. ಅವಳ ತಾಯಿ ನನ್ನ ಕೈ ಹಿಡಿದುಕೊಂಡು, "ಇನ್ಮೇಲೆ ನಮ್ಮನೆ ಮದ್ವೆಗೆಲ್ಲ ನೀನೇ" ಎಂದರು. ದಾದಿಯಂತೂ ಹಾಲ್ ತುಂಬ ಓಡಾಡಿ, "ಆ ಕೆನ್ನೆ ನಂದು" ಎಂದು ಸಾರಿದರು. ನನಗೂ ಹೆಮ್ಮೆಯಿಂದ ಎದೆ ಉಬ್ಬಿತು. ಈಗಲೂ ನೆನೆದರೆ ಉಬ್ಬುತ್ತದೆ, ಸುಳ್ಳೇಕೆ ಹೇಳಲಿ.

ಆಮೇಲೆ ಹಲಸೂರಿನಿಂದ ಕೃಷ್ಣರಾಜಪುರದವರೆಗೆ ಎಷ್ಟೋ ಮದುವಣಗಿತ್ತಿಯರ ಮುಖ ಮುಟ್ಟಿದೆ. ಡಬ್ಬಿ ಹಿಡಿದು ಇದನ್ನೆಲ್ಲ ನೆನೆಯುತ್ತಿರುವಾಗಲೇ ನಸ್ರೀನಳ ಫೋನ್ ಬಂತು. ಅವಳ ಕೊನೆಯ ತಂಗಿಗೆ ಮದುವೆ ಗೊತ್ತಾಗಿದೆ. "ಪರೀಕ್ಷೆ ಮುಗ್ಸಿ ಮಂಗಳೂರಿಂದ ಬರೋದೇ ಅರಿಶಿನದ ದಿನ ಕಣೇ. ದಾದಿನೂ ಇಲ್ಲ ಈಗ. ಶೇಡ್ ಹೆಂಗ್ ನೋಡ್ತೀಯ?"

"ಅದೇ ಬಣ್ಣದ ಕೆನ್ನೆ ನಿಂಗೂ ಇದ್ಯಲ್ಲ."

"ನಂಗಿನ್ನೂ ಹಲ್ಲಿದೆ ಕಣೇ" ಎಂದಳು. ಇಬ್ಬರೂ ನಕ್ಕೆವು, ನಗುತ್ತಲೇ ನನ್ನ ಕಣ್ಣು ಒದ್ದೆಯಾಯಿತು. ಡಬ್ಬಿಯನ್ನು ಪೆಟ್ಟಿಗೆಯ ಮೇಲಿನ ಅರೆಯಲ್ಲೇ ಇಟ್ಟೆ.

"ಪರ್ವಾಗಿಲ್ಲ, ಅಂಗಡಿಗೆ ಬಾ. ಆದ್ರೆ ಮನೆವರ್ಗೂ ಒರೆಸ್ಕೊಳ್ಳೋ ಹಾಗಿಲ್ಲ."

"ಒರೆಸ್ಕೊಂಡ್ರೆ ದಾದಿ ಬಿಡ್ತಾರಾ?" ಎಂದಳು ನಸ್ರೀನ್.