ನಮ್ಮ ಬೈಬಲಿನಲ್ಲಿ ಇಲ್ಲದ ಅಧ್ಯಾಯ

ಎಂಬತ್ತರ ದಶಕದ ಒಮಾನಿನ ಹಮ್ರಿಯಾ ಬಡಾವಣೆ ಎಂದರೆ ನನಗೆ ಮೊದಲು ನೆನಪಾಗುವುದು ಏಸಿಯ ಗುಂಯ್ಗುಡುವ ಸದ್ದು, ಪರದೆ ದಾಟಿ ಬರುವ ಹಳದಿ ಬೆಳಕು. ಶುಕ್ರವಾರ ರಜೆ. ಕರಾವಳಿಯ ನಾವು ಕೆಲವು ಪ್ರೊಟೆಸ್ಟೆಂಟ್ ಕುಟುಂಬದವರು ಮಧ್ಯಾಹ್ನ ನಮ್ಮ ಫ್ಲಾಟಿನಲ್ಲಿ ಪ್ರಾರ್ಥನೆಗೆ ಸೇರುತ್ತಿದ್ದೆವು. ಚಾಪೆಯ ಮೇಲೆ ಕಣ್ಣು ಮುಚ್ಚಿ ಕುಳಿತರೆ ಊರಿನಲ್ಲಿದ್ದೇವೋ ಒಮಾನಿನಲ್ಲಿದ್ದೇವೋ ತಿಳಿಯುತ್ತಿರಲಿಲ್ಲ.

ಅಂಥ ಒಂದು ಶುಕ್ರವಾರ ಎದುರು ಫ್ಲಾಟಿನ ಕೊಂಕಣಿ ಕೆಥೊಲಿಕ್ ಅಕ್ಕ ಬಂದು ಬಾಗಿಲಲ್ಲಿ ನಿಂತರು. ಊರಿನಲ್ಲಿ ಅವರ ತಾಯಿ ತೀರಿಹೋಗಿದ್ದರು. ಸಂಜೆಯೊಳಗೆ ಮಣ್ಣು ಮಾಡುವವರಿದ್ದರು. ಅಕ್ಕನ ಪಾಸ್‌ಪೋರ್ಟು ಅವರನ್ನು ಕೆಲಸಕ್ಕೆ ಕರೆಸಿಕೊಂಡ ಕಫೀಲನ ಆಫೀಸಿನಲ್ಲಿತ್ತು, ರಜೆಯೆಂದು ಆಫೀಸಿಗೆ ಬೀಗ, ಹೊರಡುವ ಹಾಗಿರಲಿಲ್ಲ.

"ನಮ್ಮಲ್ಲಿ ಮಣ್ಣಿಗೆ ಮೊದಲು ಒಂದು ಅಧ್ಯಾಯ ಓದುವುದುಂಟು. ನಾಲ್ಕು ಜನ ಕೂತು ಕೇಳಬೇಕು. ಇಲ್ಲಿ ಓದ್ತೀರಾ? ನನಗೆ ಬೇರೆ ಎಂತದೂ ಬೇಡ" ಎಂದರು.

ಪ್ರಾರ್ಥನೆ ನಡೆಸುವ ಹಿರಿಯರು ಯಾವ ಅಧ್ಯಾಯವೆಂದು ಕೇಳಿ ತಲೆಯಾಡಿಸಿದರು. "ಅದು ನಿಮ್ಮ ಬೈಬಲಿನಲ್ಲಿ ಉಂಟಮ್ಮ, ನಮ್ಮದರಲ್ಲಿ ಇಲ್ಲ. ದೇವರ ವಾಕ್ಯ, ವೇದ ಅಂತ ಹೇಗೆ ಓದುವುದು?"

ನನಗೆ ಮೂಗಿನ ತುದಿಯಲ್ಲೇ ಕೋಪ. "ಯಾವುದು ವೇದ ಅಂತ ಆರಿಸಿದ್ದು ಯಾರು ಅಂಕಲ್?" ಎಂದೆ.

ಪಾಪ, ಅವರು ಸುಳ್ಳು ಹೇಳುವವರಲ್ಲ. ಮೊದಲ ಕ್ರೈಸ್ತರ ಕೈಯಲ್ಲಿ ಹೀಗೆ ಹೊಲಿದ ಒಂದು ಪುಸ್ತಕವೇ ಇರಲಿಲ್ಲ ಎಂದು ಮೆಲ್ಲಗೆ ಹೇಳತೊಡಗಿದರು. ಒಂದು ಊರಿನ ಸಭೆಗೆ ಬಂದ ಪತ್ರವನ್ನು ಓದಿ, ನಕಲು ಮಾಡಿ, ಪಕ್ಕದೂರಿಗೆ ಕಳಿಸುತ್ತಿದ್ದರಂತೆ. ಅಪೊಸ್ತಲರ ಕಾಲದ್ದೆಂದು ನಂಬಿ ಎಲ್ಲ ಕಡೆ ಓದುತ್ತ ಬಂದದ್ದು ಉಳಿಯಿತು, ಒಂದೆರಡು ಊರಲ್ಲಷ್ಟೇ ಓದಿದ್ದು ಹೊರಗುಳಿಯಿತು. ಅದಕ್ಕೆ ತಲೆಮಾರುಗಳೇ ಹಿಡಿದವು. ಅಕ್ಕ ಕೇಳಿದ್ದು ಆ ಪತ್ರಗಳಿಗಿಂತಲೂ ಹಳೆಯ ಯೆಹೂದಿ ಬರಹ. ಆಗಿನವರು ಅದನ್ನೂ ಓದುತ್ತಿದ್ದರು, ನಮ್ಮ ಪ್ರೊಟೆಸ್ಟೆಂಟರು ಎಷ್ಟೋ ಕಾಲದ ಮೇಲೆ ಬದಿಗಿಟ್ಟರು.

"ಕೂತು ಕೇಳುವವರು ಇದ್ದದ್ದರಿಂದಲೇ ಅಲ್ಲವಾ ಉಳಿದದ್ದು? ನಾವೂ ಕೂತಿದ್ದೇವಲ್ಲ" ಎಂದೆ.

ಅವರು ತಮ್ಮ ಪುಸ್ತಕ ಮುಚ್ಚಿ, ಸರಿದು, ಅಕ್ಕನಿಗೆ ಚಾಪೆಯಲ್ಲಿ ಜಾಗ ಮಾಡಿದರು. ಅಕ್ಕ ಬಾಯಿಪಾಠದಿಂದಲೇ ಕೊಂಕಣಿಯಲ್ಲಿ ಹೇಳಿದರು. ನನಗೆ ಅರ್ಧ ಅರ್ಥವಾಯಿತು. ಉಳಿದರ್ಧ ಜೋಂಪಿನಲ್ಲಿ ಕೇಳಿದ ಹಾಗೆ ತೇಲಿಹೋಯಿತು.

ಅಕ್ಕ ಹೇಳಿ ಮುಗಿಸಿದರು. ವೇದ ಓದಿದ ಮೇಲೆ ಮಾತ್ರ ಹಿರಿಯರು ಒಂದು ಮಾತು ಹೇಳುವುದು ನಮ್ಮ ಪದ್ಧತಿ. ಅವರು ಎದ್ದು ನಿಂತು ತಲೆ ಬಾಗಿಸಿದರು. "ಕರ್ತನು ತನ್ನ ವಾಕ್ಯವನ್ನು ಆಶೀರ್ವದಿಸಲಿ" ಎಂದರು. ಅಭ್ಯಾಸಬಲವೋ, ಬೇಕೆಂದೇ ಹೇಳಿದ್ದೋ, ನಾನು ಕೇಳಲಿಲ್ಲ. ನಾವೆಲ್ಲ ಆಮೆನ್ ಎಂದೆವು.

ಅಕ್ಕ ನನ್ನ ಹೆಗಲಿಗೆ ಒರಗಿದರು. "ನಾನೂ ಅಮ್ಮನ ಮಣ್ಣಿಗೆ ಹೋದ ಹಾಗಾಯ್ತು" ಎಂದು ಅಳತೊಡಗಿದರು.